ಮರ ಕೊಯ್ಯುವ ಮಷೀನು ಯಾಕೆ ಬಂದ್ ಬೀಳುತ್ತದೆ?

ನಮ್ಮ ನವಲಿ ಸುತ್ತ ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಬಳ್ಳಾರಿ ಜಾಲಿ ಎಷ್ಟು ಬೆಳೆದಿದೆ ಎಂದು ಎಲ್ಲರಿಗೂ ಗೊತ್ತು. ಇದು ನಮ್ಮ ದೇಶದ ಗಿಡ ಅಲ್ಲ, ಅಮೆರಿಕ ಖಂಡದಿಂದ ಬಂದದ್ದು. ಮೊದಲು ಕೊಡಲಿಯಿಂದ ಕಡಿಯುತ್ತಿದ್ದರು. ಈಗ ಪೆಟ್ರೋಲ್ ಮಷೀನಿನಿಂದ ಕೊಯ್ಯುತ್ತಾರೆ. ನಮ್ಮ ಕಾಕಾ ಇದೇ ಕೆಲಸ ಮಾಡುತ್ತಾರೆ. ಮಷೀನು ಕೆಟ್ಟರೆ ಅವತ್ತಿನ ದುಡಿಮೆ ಹೋಯಿತು. ಗಂಗಾವತಿಗೆ ಒಯ್ದರೆ ಬಸ್ ಚಾರ್ಜು, ರಿಪೇರಿ ರೊಕ್ಕ ಬೇರೆ. ಅದಕ್ಕೇ ಮನೆಯಲ್ಲಿ ಏನೇನು ನೋಡಬಹುದು ಎಂದು ಕಾಕಾ ಅವರನ್ನು ಕೇಳಿ ಬರೆದಿದ್ದೇನೆ.

ಇದರ ಇಂಜಿನ್ ಟೂ ಸ್ಟ್ರೋಕ್. ಇದಕ್ಕೆ ಇಂಜಿನ್ ಆಯಿಲ್ ಬೇರೆ ಹಾಕುವುದಿಲ್ಲ, ಪೆಟ್ರೋಲಿನಲ್ಲೇ ಬೆರೆಸಬೇಕು. ಮಷೀನಿನ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ 1 ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. (ಸರ್, ಅನುಪಾತದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಂತು ನೋಡ್ರಿ!) ಚೈನಿನ ಆಯಿಲ್ ಬೇರೆ, ಅದರ ಟ್ಯಾಂಕೂ ಬೇರೆ.

ಮಷೀನು ಸರಿಯಾಗಿ ಓಡದಿದ್ದರೆ ಬಹಳ ಜನ ಮೊದಲು ಸ್ಕ್ರೂಡ್ರೈವರ್ ಹುಡುಕುತ್ತಾರೆ. ಅದು ತಪ್ಪು. ಇಂಜಿನ್ನಿಗೆ ಬೇಕಾದದ್ದು ಗಾಳಿ, ಪೆಟ್ರೋಲು, ಕಿಡಿ. ಈ ಮೂರು ನೋಡಿದ ಮೇಲೆಯೇ ಸ್ಕ್ರೂ.

ಮೊದಲು ಏರ್ ಫಿಲ್ಟರ್. ಜಾಲಿಯ ಹೊಟ್ಟು, ಧೂಳು ತುಂಬಿ ಅದು ಕಟ್ಟಿಕೊಳ್ಳುತ್ತದೆ. ಆಗ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚಾಗಿ ಕರೀ ಹೊಗೆ ಬಂದು ಮಷೀನು ಗುಂಯ್‌ಗುಡುತ್ತದೆ. ತೆಗೆದು ಜಾಡಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಸೈಲೆನ್ಸರಿನ ಜಾಲರಿಗೆ ಮಸಿ ಕಟ್ಟಿದ್ದರೂ ಜೋರು ಬರುವುದಿಲ್ಲ.

ಆಮೇಲೆ ಪೆಟ್ರೋಲು. ಟ್ಯಾಂಕಿನೊಳಗೆ ಪೈಪಿನ ತುದಿಗೆ ಸಣ್ಣ ಫಿಲ್ಟರ್ ಇರುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ನೀರಿನಂಶ ಹೀರಿಕೊಳ್ಳುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಇಟ್ಟದ್ದನ್ನು ಹಾಕಬಾರದು. ಇನ್ನೊಂದು ಮಜಾ ಇದೆ. ಹತ್ತು ನಿಮಿಷ ಚೆನ್ನಾಗಿ ಓಡಿ ಬಂದ್ ಬೀಳುತ್ತದೆ, ಟ್ಯಾಂಕಿನ ಮುಚ್ಚಳ ಸಡಿಲಿಸಿದರೆ ಮತ್ತೆ ಓಡುತ್ತದೆ. ಅಂದರೆ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ದಾರಿ ಮುಚ್ಚಿದೆ! ಬಾಟಲಿ ಬಾಯಿಗಿಟ್ಟು ಗಾಳಿ ಬಿಡದೆ ಹೀರಿದರೆ ನೀರು ಬರುವುದು ನಿಂತ ಹಾಗೆ.

ಪ್ಲಗ್ ಮಾತ್ರ ಇಂಜಿನ್ ತಣ್ಣಗಾದ ಮೇಲೆ ಬಿಚ್ಚಬೇಕು. ಅದರ ಬಣ್ಣವೇ ಎಲ್ಲ ಹೇಳುತ್ತದೆ. ಬೆಲ್ಲದ ಬಣ್ಣ ಇದ್ದರೆ ಒಳ್ಳೆಯದು. ಕರ್ರಗೆ ಹಸಿ ಇದ್ದರೆ ಪೆಟ್ರೋಲು ಅಥವಾ ಆಯಿಲ್ ಹೆಚ್ಚು. ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆ, ಇಂಜಿನ್ ಬಹಳ ಕಾಯುತ್ತಿದೆ. ತುದಿಯ ಸಂದು ಸುಮಾರು ಅರ್ಧ ಮಿಲಿಮೀಟರ್, ಅಂದರೆ ನಮ್ಮ ಸ್ಕೇಲಿನ ಸಣ್ಣ ಗೆರೆಯ ಅರ್ಧ.

ಇಷ್ಟಾದರೂ ಸರಿಯಾಗದಿದ್ದರೆ ಕಾರ್ಬೊರೇಟರ್. ಅದರಲ್ಲಿ 'ಎಲ್', 'ಎಚ್' ಎಂಬ ಎರಡು ಸ್ಕ್ರೂ, ಜೊತೆಗೆ ಐಡ್ಲಿಂಗ್ ಸ್ಕ್ರೂ. ಎಲ್, ಎಚ್ ಬಲಕ್ಕೆ ತಿರುಗಿಸಿದರೆ ಪೆಟ್ರೋಲು ಕಡಿಮೆ, ಎಡಕ್ಕೆ ತಿರುಗಿಸಿದರೆ ಹೆಚ್ಚು. ಇಂಜಿನ್ ಕಾದ ಮೇಲೆ ಮೊದಲು 'ಎಲ್'. ಎಕ್ಸಲೇಟರ್ ಒತ್ತಿದ ಕೂಡಲೇ ಮುಗ್ಗರಿಸಿದರೆ ಒಂದು ಸುತ್ತಿನ ಎಂಟನೇ ಒಂದು ಭಾಗ ಎಡಕ್ಕೆ. ಎಕ್ಸಲೇಟರ್ ಬಿಟ್ಟಾಗ ಚೈನು ತಿರುಗುತ್ತಲೇ ಇದ್ದರೆ ಐಡ್ಲಿಂಗ್ ಇಳಿಸಬೇಕು, ಇಲ್ಲದಿದ್ದರೆ ಕಾಲಿಗೇ ಅಪಾಯ.

'ಎಚ್' ಸ್ಕ್ರೂ ಮೋಸಗಾರ. ಬಲಕ್ಕೆ ಬಿಗಿದಷ್ಟೂ ಮಷೀನು ಕಿರ್ರ್ ಎಂದು ಜೋರಾಗಿ ಓಡುತ್ತದೆ, ಓಡಿಸುವವರಿಗೆ ಖುಷಿ. ಆದರೆ ಆಯಿಲ್ ಬರುವುದು ಪೆಟ್ರೋಲಿನ ಜೊತೆಯಲ್ಲೇ ಅಲ್ಲವೇ? ಪೆಟ್ರೋಲು ಕಡಿಮೆ ಆದರೆ ಆಯಿಲೂ ಕಡಿಮೆ. ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಕಾಕಾನ ಗೆಳೆಯರೊಬ್ಬರ ಮಷೀನು ಹೀಗೇ ಹೋಯಿತು, ಪಿಸ್ಟನ್ ಸಿಲಿಂಡರ್ ಎರಡೂ ಹೊಸದು ಹಾಕಿಸಿದರು. ಆದ್ದರಿಂದ ಪೂರ್ತಿ ಒತ್ತಿದಾಗ ಸದ್ದು ಸ್ವಲ್ಪ ಒಡೆದಂತೆ ಇರಬೇಕು, ಮರಕ್ಕೆ ಹಚ್ಚಿದಾಗ ಸಾಫ್ ಆಗಬೇಕು. ಅಲ್ಲಿಗೆ ಬಿಟ್ಟುಬಿಡಬೇಕು ಅಂತಾರೆ ಕಾಕಾ.

ಎಕ್ಸಲೇಟರ್ ಬಿಟ್ಟರೂ ಸ್ಪೀಡು ಬೇಗ ಇಳಿಯದಿದ್ದರೆ ಎಲ್ಲೋ ಸೀಲು ಹರಿದು ಹೊರಗಿನ ಗಾಳಿ ಒಳಗೆ ಹೋಗುತ್ತಿರಬಹುದು. ಅದನ್ನು ಸ್ಕ್ರೂ ತಿರುಗಿಸಿ ಸರಿ ಮಾಡಲು ಆಗುವುದಿಲ್ಲ. ಆಗ ಬಂದ್ ಮಾಡಿ ಗಂಗಾವತಿ ಬಸ್ ಹತ್ತುವುದೇ ಸೈ.