ಆನೆ ಅಟ್ಟಿದ್ದು ಯಾರನ್ನು?



ಈ ಸಲದ ಗೋಡೆ ಪತ್ರಿಕೆಗೆ ನಾನು ವ್ಯಾಕರಣದ ಬಗ್ಗೆ ಬರೀತೀನಿ ಅಂದಾಗ ನಮ್ಮ ತರಗತಿಯವರು "ನಿಂಗೆ ಬೇರೆ ಏನೂ ಸಿಗಲಿಲ್ವಾ ಮಾರಾಯ್ತಿ?" ಅಂದರು. ವ್ಯಾಕರಣ ಅಂದರೆ ನನಗೂ ಮೊದಲು ಬೇಜಾರೇ ಇತ್ತು. ಆದರೆ ನಾನು ಬರೆದ ಒಂದು ತಪ್ಪು ವಾಕ್ಯದಿಂದ ನನಗೆ ಅದರಲ್ಲಿ ಆಸಕ್ತಿ ಬಂತು. ಆ ವಾಕ್ಯ ನಿಮಗೆಲ್ಲಾ ನೆನಪಿರಬಹುದು, ಯಾಕಂದರೆ ಅದನ್ನು ಕೇಳಿ ನಕ್ಕವರು ನೀವೇ!

ಕಳೆದ ವರ್ಷ ಭತ್ತದ ಕೊಯ್ಲಿನ ಸಮಯ. ನಮ್ಮ ಕಡೆ ಭತ್ತ ಹಣ್ಣಾದರೆ ಆನೆಗಳು ಬರುತ್ತವೆ ಅನ್ನೋದು ನಿಮಗೆ ಹೇಳಬೇಕಾಗಿಲ್ಲ. ನನ್ನ ಚಿಕ್ಕಪ್ಪ ರಾತ್ರಿ ಗದ್ದೆ ಕಾಯಲು ಹೋಗಿದ್ದರು. ಬೆಳಗಿನ ಜಾವ ಕಾಫಿ ತೋಟದ ದಾರಿಯಲ್ಲಿ ವಾಪಸ್ ಬರುವಾಗ ಮಂಜಿನಲ್ಲಿ ಒಂದು ಆನೆ ನಿಂತಿದ್ದು ಅವರಿಗೆ ಕಾಣಲಿಲ್ಲ. ಅದು ಅಟ್ಟಿಸಿಕೊಂಡು ಬಂತು. ಚಿಕ್ಕಪ್ಪ ಓಡಿ ಓಡಿ ಒಂದು ಗುಂಡಿಗೆ ಬಿದ್ದರು. ಆನೆ ಸ್ವಲ್ಪ ಹೊತ್ತು ಅಲ್ಲೇ ನಿಂತು ಹೊರಟು ಹೋಯಿತು. ಚಿಕ್ಕಪ್ಪನ ಬಲಗೈ ಮುರಿದಿತ್ತು. ಅವತ್ತು ನಮ್ಮ ಮನೆಯಲ್ಲಿ ಒಲೆ ಹಚ್ಚಿದ್ದು ಮಧ್ಯಾಹ್ನ ಆದ ಮೇಲೆ. ಅಜ್ಜಿ ದೇವರ ಮುಂದೆ ಕೂತವರು ಏಳಲೇ ಇಲ್ಲ.

ಅದೇ ವಾರ ಇಂಗ್ಲಿಷ್ ಟೀಚರ್ "ಮನೆಯಲ್ಲಿ ನಡೆದ ಒಂದು ಘಟನೆ ಬಗ್ಗೆ ಐದು ವಾಕ್ಯ ಬರ್ಕೊಂಡು ಬನ್ನಿ" ಅಂದರು. ನಾನು ಬರೆದ ಮೊದಲನೇ ವಾಕ್ಯ ಇದು: "ಮೈ ಅಂಕಲ್ ಚೇಸ್ಡ್ ಆ್ಯನ್ ಎಲಿಫೆಂಟ್."

ಎದ್ದು ನಿಂತು ಓದಿದೆ. ತರಗತಿಯೆಲ್ಲಾ ನಕ್ಕಿತು. "ನಿಮ್ಮ ಚಿಕ್ಕಪ್ಪ ಆನೆನೇ ಅಟ್ಟಿಸ್ಕೊಂಡ್ ಹೋದ್ರೇನೇ?" ಅಂತ ಒಬ್ಬ ಕೇಳಿದ. ನನಗೆ ಅಳು ಬಂತು. ತಪ್ಪಾಯಿತು ಅಂತ ಅಲ್ಲ. ನಮ್ಮ ಮನೆಯವರೆಲ್ಲಾ ಅಷ್ಟು ಹೆದರಿದ್ದ ವಿಷಯ ನಾನು ಬರೆದ ರೀತಿಯಿಂದ ತಮಾಷೆ ಆಯಿತಲ್ಲಾ ಅಂತ. ಆಮೇಲೆ ಎಷ್ಟೋ ದಿನ ನಾನು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬಾಯಿ ಬಿಡಲಿಲ್ಲ. ನಾನು ದಡ್ಡಿ ಅಂತಲೇ ಅಂದುಕೊಂಡಿದ್ದೆ.

ತಪ್ಪು ಎಲ್ಲಾಯಿತು?

ಒಂದು ದಿನ ಕನ್ನಡ ಮೇಷ್ಟ್ರು ವಿಭಕ್ತಿ ಪ್ರತ್ಯಯ ಕಲಿಸುತ್ತಿದ್ದರು. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ನಾವೆಲ್ಲಾ ರಾಗವಾಗಿ ಹೇಳುತ್ತಿದ್ದೆವು. "ಅನ್ನು" ಅಂದಾಗ ನನಗೆ ತಟ್ಟನೆ ಹೊಳೆಯಿತು. ಅವತ್ತು ನನ್ನ ಮನಸ್ಸಿನಲ್ಲಿ ಇದ್ದ ವಾಕ್ಯ "ಚಿಕ್ಕಪ್ಪನನ್ನು ಆನೆ ಅಟ್ಟಿತು" ಅಂತ. ಮನೆಯಲ್ಲಿ ಎಲ್ಲರ ಬಾಯಲ್ಲೂ ಚಿಕ್ಕಪ್ಪನ ಮಾತೇ ಇದ್ದಿದ್ದರಿಂದ ಅವರ ಹೆಸರೇ ಮೊದಲು ಬಂದಿತ್ತು. ಅದನ್ನೇ ಒಂದೊಂದು ಪದವಾಗಿ ಇಂಗ್ಲಿಷಿಗೆ ಹಾಕಿದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮಧ್ಯದಲ್ಲಿ ಬರಬೇಕು ಅಂತ ಟೀಚರ್ ಹೇಳಿದ್ದು ನೆನಪಾಗಿ "ಚೇಸ್ಡ್" ಅನ್ನು ಮಧ್ಯಕ್ಕೆ ತಂದೆ. ಎಲ್ಲಾ ಸರಿ ಮಾಡಿದೆ ಅಂದುಕೊಂಡೆ. ಆದರೆ ಚಿಕ್ಕಪ್ಪನ ಜೊತೆ ಇದ್ದ "ಅನ್ನು" ಎಲ್ಲಿ ಹೋಯಿತು? ಇಂಗ್ಲಿಷಿನ ನಾಮಪದಕ್ಕೆ ಹಾಗೆ ಅಂಟಿಸುವ "ಅನ್ನು" ಇಲ್ಲವೇ ಇಲ್ಲ. ಅದು ಬಿದ್ದುಹೋಗಿದ್ದೇ ತಡ, ಓಡುತ್ತಿದ್ದ ಚಿಕ್ಕಪ್ಪ ಅಟ್ಟುವವರಾದರು!

ಚೀಟಿ ಪ್ರಯೋಗ

ಇದು ನಿಜವಾ ಅಂತ ನೋಡಲು ನಾನೂ ನನ್ನ ಇಬ್ಬರು ಗೆಳತಿಯರೂ ಮಧ್ಯಾಹ್ನ ಊಟದ ನಂತರ ಒಂದು ಪ್ರಯೋಗ ಮಾಡಿದೆವು. ಮೂರು ಚೀಟಿಗಳಲ್ಲಿ "ಆನೆ", "ಚಿಕ್ಕಪ್ಪನನ್ನು", "ಅಟ್ಟಿತು" ಅಂತ ಬರೆದು ಒಬ್ಬೊಬ್ಬರು ಒಂದೊಂದು ಹಿಡಿದು ಸಾಲಾಗಿ ನಿಂತೆವು. ಮೂರು ಚೀಟಿಯನ್ನು ಒಟ್ಟು ಆರು ರೀತಿಯಲ್ಲಿ ಜೋಡಿಸಬಹುದು.

1. ಆನೆ ಚಿಕ್ಕಪ್ಪನನ್ನು ಅಟ್ಟಿತು.
2. ಚಿಕ್ಕಪ್ಪನನ್ನು ಆನೆ ಅಟ್ಟಿತು.
3. ಆನೆ ಅಟ್ಟಿತು ಚಿಕ್ಕಪ್ಪನನ್ನು.
4. ಚಿಕ್ಕಪ್ಪನನ್ನು ಅಟ್ಟಿತು ಆನೆ.
5. ಅಟ್ಟಿತು ಆನೆ ಚಿಕ್ಕಪ್ಪನನ್ನು.
6. ಅಟ್ಟಿತು ಚಿಕ್ಕಪ್ಪನನ್ನು ಆನೆ.

ಕೊನೆಯ ಎರಡು ಸ್ವಲ್ಪ ಪದ್ಯದ ಹಾಗೆ ಕೇಳಿಸುತ್ತವೆ. ಆದರೂ ಆರರಲ್ಲೂ ಓಡಿದ್ದು ಚಿಕ್ಕಪ್ಪನೇ. ಅರ್ಥ ಬದಲಾಗಲಿಲ್ಲ.

ಆಮೇಲೆ "ಎಲಿಫೆಂಟ್", "ಅಂಕಲ್", "ಚೇಸ್ಡ್" ಅಂತ ಬರೆದು ಅದೇ ಥರ ನಿಂತೆವು. ಆರರಲ್ಲಿ ಎರಡು ಮಾತ್ರ ಸರಿಯಾದ ವಾಕ್ಯ ಆದವು. ಅವೆರಡರ ಅರ್ಥವೂ ಪೂರ್ತಿ ಉಲ್ಟಾ. ಒಂದರಲ್ಲಿ ಆನೆ ಅಟ್ಟುತ್ತೆ, ಇನ್ನೊಂದರಲ್ಲಿ ಚಿಕ್ಕಪ್ಪ ಅಟ್ಟುತ್ತಾರೆ.

ಇದನ್ನು ಹೀಗೆ ನೆನಪಿಡಬಹುದು. ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲುವಾಗ ನಮ್ಮ ನಮ್ಮ ಜಾಗದಲ್ಲೇ ನಿಲ್ಲಬೇಕು. ಯಾರು ಎಷ್ಟನೇ ತರಗತಿ ಅಂತ ಮೇಷ್ಟ್ರಿಗೆ ನಿಂತ ಜಾಗದಿಂದಲೇ ಗೊತ್ತಾಗುತ್ತದೆ. ಇಂಗ್ಲಿಷ್ ವಾಕ್ಯ ಹಾಗೆ. ಮೊದಲು ನಿಂತವನು ಕೆಲಸ ಮಾಡುವವನು, ಅಂದರೆ ಕರ್ತೃ. ಕ್ರಿಯಾಪದದ ನಂತರ ನಿಂತದ್ದು ಕರ್ಮ. ಆದರೆ ಕ್ರೀಡಾಕೂಟದ ದಿನ ಎಲ್ಲರ ಎದೆ ಮೇಲೂ ಬ್ಯಾಡ್ಜ್ ಇರುತ್ತದೆ. ಅವತ್ತು ಎಲ್ಲಿ ನಿಂತರೂ ನಡೆಯುತ್ತದೆ. ಕನ್ನಡದ ವಾಕ್ಯ ಹಾಗೆ. "ಅನ್ನು" ಅನ್ನೋದು ಕರ್ಮದ ಬ್ಯಾಡ್ಜ್.

ಕನ್ನಡದಲ್ಲಿ ಇನ್ನೊಂದು ಗುರುತೂ ಇದೆ. "ಅಟ್ಟಿತು" ಅಂದರೆ ಆನೆ, "ಅಟ್ಟಿದರು" ಅಂದರೆ ಚಿಕ್ಕಪ್ಪ. ಯಾರು ಮಾಡಿದರು ಅಂತ ಕ್ರಿಯಾಪದದ ಬಾಲವೇ ಹೇಳುತ್ತದೆ. ಬಂದೆ, ಬಂದಳು, ಬಂದನು, ಬಂದರು, ಬಂದಿತು ಅಂತ ನಮ್ಮಲ್ಲಿ ಎಷ್ಟೊಂದು! ಇಂಗ್ಲಿಷಿನಲ್ಲಿ ಎಲ್ಲದಕ್ಕೂ ಒಂದೇ "ಕೇಮ್". ಅದಕ್ಕೇ ನಾವು ಬರೀ "ಬಂದೆ" ಅಂದರೂ ಸಾಕು, ಇಂಗ್ಲಿಷಿನಲ್ಲಿ "ಐ ಕೇಮ್" ಅನ್ನಲೇಬೇಕು.

ನಮ್ಮ ಅಕ್ಕಪಕ್ಕದ ಭಾಷೆಗಳು

ನಮ್ಮ ಕಡೆ ಕನ್ನಡ ಒಂದೇ ಅಲ್ಲ. ತೋಟದ ಲೈನ್ ಮನೆಗಳಲ್ಲಿ ತಮಿಳು ಕೇಳಿಸುತ್ತದೆ. ಘಟ್ಟದ ಕೆಳಗಿನಿಂದ ಬಂದವರು ತುಳು ಆಡುತ್ತಾರೆ. ಶುಂಠಿ ಬೆಳೆಯಲು ಬಂದವರು ಮಲಯಾಳ ಆಡುತ್ತಾರೆ. "ನಾನು ಮನೆಗೆ ಹೋಗ್ತೀನಿ" ಅನ್ನೋದನ್ನು ನಾನು ಎಲ್ಲರ ಹತ್ತಿರ ಕೇಳಿ ಬರೆದುಕೊಂಡೆ.

ತಮಿಳು: ನಾನ್ ವೀಟ್ಟುಕ್ಕು ಪೋರೇನ್.
ತುಳು: ಯಾನ್ ಇಲ್ಲಡೆ ಪೋಪೆ.
ಮಲಯಾಳ: ಞಾನ್ ವೀಟ್ಟಿಲೇಕ್ಕ್ ಪೋಕುನ್ನು.
ಹಿಂದಿ: ಮೈ ಘರ್ ಜಾತೀ ಹೂಂ.

ನೋಡಿ, ಎಲ್ಲದರಲ್ಲೂ ಮೊದಲು ನಾನು, ಆಮೇಲೆ ಮನೆ, ಕೊನೆಗೆ ಹೋಗೋದು. ಇಂಗ್ಲಿಷ್ ಒಂದರಲ್ಲೇ "ಐ ಗೋ ಹೋಮ್", ಅಂದರೆ ಹೋಗೋದು ಮುಂಚೆ, ಮನೆ ಆಮೇಲೆ. ಈಗ ತೋಟದ ಕೆಲಸಕ್ಕೆ ಅಸ್ಸಾಮಿನಿಂದಲೂ ಜನ ಬರುತ್ತಾರೆ. ಅಸ್ಸಾಮಿ ಭಾಷೆಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ದೂರದ ಜಪಾನ್, ಕೊರಿಯಾ, ಟರ್ಕಿ ದೇಶದವರ ಭಾಷೆಗಳೂ ಹಾಗೇ ಅಂತೆ. ಹಾಗಾದರೆ ನಮ್ಮ ರೀತಿ ವಿಚಿತ್ರ ಅಲ್ಲ. ನಾವು ದೊಡ್ಡ ಗುಂಪಿನಲ್ಲೇ ಇದ್ದೇವೆ!

ಬ್ಯಾಡ್ಜ್ ವಿಷಯದಲ್ಲೂ ಹಾಗೇ. ಆನೆಯ ವಾಕ್ಯವನ್ನು ನನ್ನ ಗೆಳತಿ ಅವಳ ಮನೆಯ ತಮಿಳಿನಲ್ಲಿ "ಯಾನೈ ಸಿತ್ತಪ್ಪಾವ ತೊರತ್ತುಚ್ಚು" ಅಂದಳು. ಸಿತ್ತಪ್ಪಾ ಅಂದರೆ ಚಿಕ್ಕಪ್ಪ. "ಸಿತ್ತಪ್ಪಾವ" ಅಂದಾಗ ಕೊನೆಗೆ ಬಂದ "ವ" ನಮ್ಮ "ಅನ್ನು" ಮಾಡುವ ಕೆಲಸವನ್ನೇ ಮಾಡುತ್ತದೆ. ಮಲಯಾಳದಲ್ಲಿ ಒಂದು ಆಶ್ಚರ್ಯ ಇದೆ. ಅದು ನಮ್ಮ ಭಾಷೆಯ ನೆಂಟ ಆದರೂ ಅಲ್ಲಿ ಕ್ರಿಯಾಪದಕ್ಕೆ ಬಾಲ ಬದಲಾಗುವುದಿಲ್ಲ. ನಾನು ಹೋದರೂ, ಅವಳು ಹೋದರೂ, ಆನೆ ಹೋದರೂ "ಪೋಕುನ್ನು" ಅಂತಲೇ.

ಹಳೇ ಕಾಲದಲ್ಲಿ

ಇದು ಇವತ್ತು ನಿನ್ನೆಯ ರೀತಿ ಅಲ್ಲ. ನಮ್ಮ ಹಾಸನ ಜಿಲ್ಲೆಯ ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಶಾಸನ ಕನ್ನಡದ ತುಂಬಾ ಹಳೆಯ ಶಾಸನಗಳಲ್ಲಿ ಒಂದು. ಅದು ಕ್ರಿ.ಶ. ಸುಮಾರು 450 ರದ್ದು ಅನ್ನುತ್ತಾರೆ. ಅದು 1936 ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂತು. ಯುದ್ಧದಲ್ಲಿ ಶೌರ್ಯ ತೋರಿಸಿದ ವಿಜ ಅರಸ ಎಂಬುವವನಿಗೆ ಊರುಗಳನ್ನು ಕೊಟ್ಟ ವಿಷಯ ಅದರಲ್ಲಿದೆ. ಅಲ್ಲೂ ಕೊಟ್ಟ ಊರುಗಳ ಹೆಸರು ಮೊದಲು ಬಂದು "ಕೊಟ್ಟಾರ್" ಅನ್ನುವ ಕ್ರಿಯಾಪದ ಆಮೇಲೆ ಬರುತ್ತದೆ. ನಾವು ಇವತ್ತು "ಕೊಟ್ಟರು" ಅಂತೀವಿ. ಹೊಯ್ಸಳರ ಕಾಲದಲ್ಲಿ, ಅಂದರೆ ಸುಮಾರು 1260 ರಲ್ಲಿ, ಕೇಶಿರಾಜ "ಶಬ್ದಮಣಿದರ್ಪಣ" ಎಂಬ ಕನ್ನಡ ವ್ಯಾಕರಣ ಬರೆದ. ಅದರಲ್ಲೂ ವಿಭಕ್ತಿಗಳ ವಿಚಾರ ಇದೆ.

ಇನ್ನೂ ಒಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲೂ ವಿಭಕ್ತಿ ಪ್ರತ್ಯಯಗಳಿದ್ದವು! ಆಗ ಅವರೂ ಪದಗಳನ್ನು ಈಗಿನದಕ್ಕಿಂತ ಹಿಂದೆ ಮುಂದೆ ಮಾಡಬಹುದಿತ್ತು. ಕಾಲ ಕಳೆದ ಹಾಗೆ ಆ ಪ್ರತ್ಯಯಗಳು ಸವೆದು ಹೋದವು. ಸವೆದ ಮೇಲೆ ಯಾರು ಯಾರನ್ನು ಅಂತ ಹೇಳುವ ಕೆಲಸವನ್ನು ಜಾಗವೇ ಮಾಡಬೇಕಾಯಿತು. ಪೂರ್ತಿ ಸವೆಯದೆ ಉಳಿದ ಚೂರುಗಳು ಈಗಲೂ ಇವೆ. "ಹಿ" ಅಂದರೆ ಅವನು, "ಹಿಮ್" ಅಂದರೆ ಅವನನ್ನು ಅಥವಾ ಅವನಿಗೆ. "ಐ" ಮತ್ತು "ಮಿ" ಕೂಡಾ ಹಾಗೇ. ಪರೀಕ್ಷೆಯಲ್ಲಿ ಇವು ನಮ್ಮನ್ನು ಕಾಡುತ್ತವೆ, ಆದರೆ ಇವೇ ನಮಗೆ ಗುರುತಿನವು.

ಕಲಿಯುವಾಗ ಕಷ್ಟಪಡುವುದು ನಾವು ಮಾತ್ರ ಅಲ್ಲ. ಜರ್ಮನಿಯಲ್ಲಿ 1832 ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟೆಲ್ 1853 ರಲ್ಲಿ ಭಾರತಕ್ಕೆ ಬಂದು ಕನ್ನಡ ಕಲಿತರು. ಅವರು ಮಾಡಿದ ದೊಡ್ಡ ಕನ್ನಡ–ಇಂಗ್ಲಿಷ್ ನಿಘಂಟು 1894 ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ. 1903 ರಲ್ಲಿ ಕನ್ನಡ ವ್ಯಾಕರಣದ ಪುಸ್ತಕವೂ ಬಂತು. ನಮಗೆ "ಚೇಸ್ಡ್" ಮಧ್ಯದಲ್ಲಿ ಇಡುವುದು ಹೇಗೆ ಹೊಸದೋ ಅವರಿಗೆ "ಅನ್ನು" ಅಂಟಿಸುವುದೂ ಹಾಗೇ ಹೊಸದಾಗಿತ್ತು.

ಕೊನೆಗೆ ಏನಾಯಿತು

ನಾನು ಇದೆಲ್ಲಾ ಇಂಗ್ಲಿಷ್ ಟೀಚರಿಗೆ ಹೇಳಿದೆ. "ಆ್ಯನ್ ಎಲಿಫೆಂಟ್ ಚೇಸ್ಡ್ ಮೈ ಅಂಕಲ್" ಅಂತ ತಿದ್ದಿ ತೋರಿಸಿದೆ. ಟೀಚರ್ "ಸರಿ ಇದೆ" ಅಂದರು. ನಾನು "ಟೀಚರ್, ಆದರೆ ನನಗೆ ಚಿಕ್ಕಪ್ಪನೇ ಮೊದಲು ಬರಬೇಕು. ಆನೆ ಮೊದಲು ಬೇಡ" ಅಂದೆ. ಟೀಚರ್ ನಕ್ಕು, ಅದಕ್ಕೂ ದಾರಿ ಇದೆ ಅಂತ ಬೋರ್ಡಿನ ಮೇಲೆ ಬರೆದರು: "ಮೈ ಅಂಕಲ್ ವಾಸ್ ಚೇಸ್ಡ್ ಬೈ ಆ್ಯನ್ ಎಲಿಫೆಂಟ್."

ಇದಕ್ಕೆ ಕರ್ಮಣಿ ಪ್ರಯೋಗ ಅನ್ನುತ್ತಾರೆ. ಕನ್ನಡದಲ್ಲಿ "ಆನೆಯಿಂದ ಚಿಕ್ಕಪ್ಪನು ಅಟ್ಟಲ್ಪಟ್ಟನು" ಅಂತ ಆಗುತ್ತದೆ. ಹಾಗೆ ನಮ್ಮೂರಿನಲ್ಲಿ ಯಾರೂ ಮಾತಾಡಲ್ಲ. ಯಾಕಂದರೆ ನಮಗೆ ಅದು ಬೇಕಾಗಿಲ್ಲ, "ಚಿಕ್ಕಪ್ಪನನ್ನು" ಅಂತ ಮುಂದೆ ಇಟ್ಟರೆ ಸಾಕು. ಇಂಗ್ಲಿಷಿನವರಿಗೆ ಹಾಗೆ ಇಡಲು ಆಗುವುದಿಲ್ಲ, ಅದಕ್ಕೇ "ವಾಸ್" ಮತ್ತು "ಬೈ" ಸೇರಿಸಿಕೊಳ್ಳುತ್ತಾರೆ. ಮೊದಲು ಈ "ಬೈ" ಯಾಕೆ ಅಂತ ನಾನು ಬೈದುಕೊಳ್ಳುತ್ತಿದ್ದೆ. ಈಗ ಅದು ನನ್ನ ಚಿಕ್ಕಪ್ಪನನ್ನು ವಾಕ್ಯದ ಮುಂದೆ ತಂದು ಕೂರಿಸಿತು.

ಮಾರನೇ ದಿನ ಎದ್ದು ನಿಂತು ಐದೂ ವಾಕ್ಯ ಮತ್ತೆ ಓದಿದೆ. ಈ ಸಲ ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಒಬ್ಬ "ಈಗ ಕೈ ಹೆಂಗಿದೆ?" ಅಂತ ಕೇಳಿದ. ಮನೆಗೆ ಹೋಗಿ ಚಿಕ್ಕಪ್ಪನಿಗೂ ಓದಿ ಹೇಳಿದೆ. ಅವರಿಗೆ ಇಂಗ್ಲಿಷ್ ಬರಲ್ಲ. "ನನ್ನ ಹೆಸ್ರು ಮೊದ್ಲೇ ಬಂತಲ್ಲ, ಸಾಕು" ಅಂದರು.

ಆದ್ದರಿಂದ ಗೆಳೆಯರೇ, ಇಂಗ್ಲಿಷಿನಲ್ಲಿ ಯಾರಾದರೂ ಪದ ಹಿಂದೆ ಮುಂದೆ ಮಾಡಿದರೆ ದಡ್ಡರು ಅನ್ನಬೇಡಿ. ಅವರ ತಲೆಯಲ್ಲಿ ಇನ್ನೊಂದು ಭಾಷೆಯ ವಾಕ್ಯ ಸರಿಯಾಗಿಯೇ ನಿಂತಿರುತ್ತದೆ. ಯಾವ ಬ್ಯಾಡ್ಜ್ ಬಿದ್ದುಹೋಯಿತು ಅಂತ ಹುಡುಕಿಕೊಡಿ.

ನೀವೇ ಮಾಡಿ ನೋಡಿ: "ಬೆಕ್ಕನ್ನು ನಾಯಿ ಕಚ್ಚಿತು" — ಇದನ್ನು ಕನ್ನಡದಲ್ಲಿ ಆರು ರೀತಿ ಬರೆಯಿರಿ. ಇಂಗ್ಲಿಷಿನಲ್ಲಿ ಬೆಕ್ಕು ಮೊದಲು ಬರುವ ಹಾಗೆ ಒಂದು, ನಾಯಿ ಮೊದಲು ಬರುವ ಹಾಗೆ ಒಂದು ಬರೆಯಿರಿ. ಎರಡರಲ್ಲೂ ಕಚ್ಚಿದ್ದು ನಾಯಿಯೇ ಆಗಿರಬೇಕು! ನಿಮ್ಮ ಮನೆಯಲ್ಲಿ ಬೇರೆ ಭಾಷೆ ಇದ್ದರೆ ಅದರಲ್ಲೂ ಬರೆದು ನನಗೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.

ಈ ಲೇಖನದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

— ಏಳನೇ ತರಗತಿಯ ವಿದ್ಯಾರ್ಥಿನಿ, ಕೆ. ಹೊಸಕೋಟೆ