ವಿ.ಸಿ. ಫಾರಂ: ಎರಡು ಖಂಡಗಳ ರಾಗಿ ಕೂಡಿದ ನೆಲ

ಮಂಡ್ಯದ ಸುತ್ತ ಎಲ್ಲಿ ನೋಡಿದರೂ ಕಬ್ಬು, ಭತ್ತದ ಗದ್ದೆ, ಆಲೆಮನೆಯ ಹೊಗೆ. ರಾಗಿ ಹುಡುಕಿಕೊಂಡು ಇತ್ತ ಬಂದವರಿಗೆ ದಾರಿ ತಪ್ಪಿತೇನೋ ಅನ್ನಿಸಬೇಕು. ರಾಗಿ ಎಂದರೆ ನಮ್ಮ ಕಣ್ಣಿಗೆ ಬರುವುದು ಮಾಗಡಿ, ಕನಕಪುರ, ತುಮಕೂರು, ಕೋಲಾರದ ಕೆಮ್ಮಣ್ಣು. ಮಳೆಯನ್ನೇ ನಂಬಿದ ಹೊಲ. ಆದರೆ ಆ ಹೊಲಗಳಲ್ಲಿ ಅರ್ಧ ಶತಮಾನದಿಂದ ತೂಗಿದ ತೆನೆಗಳ ಜಾತಕ ಬಿಡಿಸಿದರೆ ಅದರಲ್ಲಿ ಬಹುಪಾಲು ಬಂದು ನಿಲ್ಲುವುದು ಇಲ್ಲಿಗೇ, ಮಂಡ್ಯ ಪಕ್ಕದ ವಿ.ಸಿ. ಫಾರಮ್ಮಿಗೆ. ನೀರಾವರಿ ಕಲಿಸಲೆಂದು ಕಟ್ಟಿದ ಜಾಗವೊಂದು ನೀರೇ ಕಾಣದ ಊರುಗಳಿಗೆ ಬೀಜ ಕೊಟ್ಟಿತು.

ವಿ.ಸಿ. ಎಂದರೆ ವಿಶ್ವೇಶ್ವರಯ್ಯ ಕೆನಾಲ್. ಕನ್ನಂಬಾಡಿ ಕಟ್ಟೆಯ ನೀರು ಹುಲಿಕೆರೆಯ ಸುರಂಗ ದಾಟಿ ಮಂಡ್ಯದ ಬಯಲಿಗೆ ಇಳಿದದ್ದು 1930ರ ದಶಕದ ಆರಂಭದಲ್ಲಿ. ಆಗ ಕಾಲುವೆಗೆ ವೈಸರಾಯ್ ಇರ್ವಿನ್ ಹೆಸರಿತ್ತು. ರಾಗಿ, ಹುರುಳಿ ಬೆಳೆದು ಬದುಕಿದ್ದ ಜನಕ್ಕೆ ವರ್ಷವಿಡೀ ಹರಿಯುವ ನೀರಿನಲ್ಲಿ ಏನು ಬೆಳೆಯಬೇಕು, ಎಷ್ಟು ನೀರು ಕಟ್ಟಬೇಕು ಎಂದು ತೋರಿಸುವವರು ಬೇಕಿತ್ತು. ಫಾರಂ ಹುಟ್ಟಿದ್ದು ಅದಕ್ಕಾಗಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಆ ಕಾಲದಲ್ಲಿ ಕಟ್ಟಿ ನಡೆಸಿದವರು ಕೆನಡಾದ ಲೆಸ್ಲಿ ಕೋಲ್ಮನ್. ಮಲೆನಾಡಿನ ಅಡಿಕೆಗೆ ಬಂದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದ ಅದೇ ಕೋಲ್ಮನ್. ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದೆಯೂ ಅವರಿದ್ದಾರೆ. ಕೋಲ್ಮನ್ ಕಾಲದಲ್ಲೇ, 1918ರಲ್ಲಿ, ಎಚ್-22 ಎಂಬ ರಾಗಿ ತಳಿ ಸಂಸ್ಥಾನದ ರೈತರ ಕೈಸೇರಿತ್ತು. ಅದು ಊರ ರಾಗಿಗಳ ನಡುವೆ ಒಳ್ಳೆಯ ತೆನೆ ಆರಿಸಿ ಬೇರ್ಪಡಿಸಿದ್ದು. ಆಮೇಲೆ ಬಹುಕಾಲ ರಾಗಿ ಸಂಶೋಧನೆ ಎಂದರೆ ಇಷ್ಟೇ: ಇದ್ದುದರಲ್ಲಿ ಒಳ್ಳೆಯದನ್ನು ಹೆಕ್ಕುವುದು.

ಹೆಕ್ಕುವುದಕ್ಕೆ ಒಂದು ಮಿತಿಯಿದೆ. ಇಲ್ಲದ ಗುಣವನ್ನು ಹೆಕ್ಕಲಾಗದು. ಬೇಕಾದ ಗುಣ ಇನ್ನೊಂದು ಗಿಡದಲ್ಲಿದ್ದರೆ ಎರಡನ್ನೂ ಕೂಡಿಸಬೇಕು. ರಾಗಿಯಲ್ಲಿ ಅದು ಆಗದ ಕೆಲಸ ಎಂದು ತಿಳಿದವರೂ ಕೈಬಿಟ್ಟಿದ್ದರು. ಯಾಕೆಂದು ತಿಳಿಯಲು ಹೂವನ್ನು ನೋಡಬೇಕು, ಅದೂ ಊರು ಮಲಗಿರುವ ಹೊತ್ತಿನಲ್ಲಿ. ರಾಗಿ ಹೂ ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವ ಮೊದಲು. ಭೂತಗನ್ನಡಿ ಇಲ್ಲದೆ ಸರಿಯಾಗಿ ಕಾಣದಷ್ಟು ಸಣ್ಣ ಹೂವು. ಗಂಡು ಹೆಣ್ಣು ಎರಡೂ ಒಂದರಲ್ಲೇ. ಹೂ ಬಿರಿಯುವಷ್ಟರಲ್ಲಿ ಅದರ ಪರಾಗ ಅದರ ಮೇಲೇ ಉದುರಿ ಕೆಲಸ ಮುಗಿದಿರುತ್ತದೆ. ಹೊರಗಿನ ಪರಾಗಕ್ಕೆ ಬಾಗಿಲು ತೆರೆಯುವುದೇ ಇಲ್ಲ ಎನ್ನಬಹುದು. ಆ ಪರಾಗಕ್ಕೂ ಕೆಲವೇ ನಿಮಿಷದ ಆಯುಸ್ಸು. ಭತ್ತದಲ್ಲಿ ಮಾಡುವ ಹಾಗೆ ಚಿಮುಟ ಹಿಡಿದು ಕೇಸರ ಕೀಳಲು ಹೋದರೆ ಹೂವೇ ಕೈಗೆ ಬರುತ್ತದೆ.

ಇದಕ್ಕೆ ಸಂಶೋಧಕರು ಕಂಡುಕೊಂಡ ದಾರಿಗಳು ಕೇಳಲು ಬಲು ಸಾದಾ. ಒಂದು, ತೆನೆಯನ್ನು ಸುಮಾರು 52 ಡಿಗ್ರಿ ಬಿಸಿನೀರಿನಲ್ಲಿ ಎರಡು ನಿಮಿಷ ಅದ್ದುವುದು. ಪರಾಗ ಸಾಯುತ್ತದೆ, ಹೆಣ್ಣು ಭಾಗ ಉಳಿಯುತ್ತದೆ. ನೀರು ಕೊಂಚ ಹೆಚ್ಚು ಬಿಸಿಯಾದರೆ ಎರಡೂ ಹೋದವು, ಕಡಿಮೆಯಾದರೆ ಎರಡೂ ಉಳಿದವು. ಇನ್ನೊಂದು ದಾರಿಯಲ್ಲಿ ಅದೂ ಇಲ್ಲ. ಎರಡು ತಳಿಗಳ ತೆನೆಗಳನ್ನು ಅರಳುವ ಮೊದಲೇ ಒಂದಕ್ಕೊಂದು ತಾಗುವಂತೆ ಕಟ್ಟಿ, ಮೇಲೆ ಕಾಗದದ ಚೀಲ ಹಾಕಿ, ದೈವದ ಮೇಲೆ ಭಾರ ಹಾಕುವುದು. ಸಾವಿರಾರು ಕಾಳಿನಲ್ಲಿ ಎಲ್ಲೋ ಕೆಲವು ಕೂಡುತ್ತವೆ. ಉಳಿದವು ತಾಯಿಯ ತದ್ರೂಪ.

ಕೂಡಿದ್ದು ಯಾವುದು, ಕೂಡದ್ದು ಯಾವುದು? ಕಾಳು ನೋಡಿ ಹೇಳಲಾಗದು. ಇಲ್ಲಿ ಗಿಡವೇ ಗುಟ್ಟು ಬಿಟ್ಟುಕೊಡುತ್ತದೆ. ಕೆಲವು ರಾಗಿಗಳ ಗಿಣ್ಣಿನಲ್ಲಿ ನೇರಳೆ ಬಣ್ಣವಿರುತ್ತದೆ, ಕೆಲವಕ್ಕೆ ಬರೀ ಹಸಿರು. ನೇರಳೆ ಪ್ರಬಲ ಗುಣ. ಹಸಿರು ಗಿಣ್ಣಿನದನ್ನು ಹೆಣ್ಣು, ನೇರಳೆಯದನ್ನು ಗಂಡು ಮಾಡಿ ಕೂಡಿಸಿ, ಬಂದ ಕಾಳನ್ನೆಲ್ಲ ಬಿತ್ತಿ ಕಾಯಬೇಕು. ಹಸಿರು ಪೈರಿನ ನಡುವೆ ಎಲ್ಲೋ ಒಂದರ ಗಿಣ್ಣು ನೇರಳೆ ತಿರುಗಿದರೆ ಅದೇ ಹೊಸದು. ಮಿಕ್ಕದ್ದನ್ನೆಲ್ಲ ಕಿತ್ತೆಸೆಯಬೇಕು. ಕಿತ್ತೆಸೆಯಲು ಎಷ್ಟು ಸಂಯಮ ಬೇಕೆಂದು ಹೊಲದಲ್ಲಿ ಪೈರು ಕಟ್ಟಿದವರಿಗೇ ಗೊತ್ತು.

ಈ ಕೆಲಸಕ್ಕೆ ಬದುಕನ್ನೇ ಕೊಟ್ಟವರು ಸಿ.ಎಚ್. ಲಕ್ಷ್ಮಣಯ್ಯ (1921–1993). ಹಳೆ ಮೈಸೂರು ಸೀಮೆಯಲ್ಲಿ ಅವರ ಹೆಸರೇ ರಾಗಿ ಲಕ್ಷ್ಮಣಯ್ಯ. ವಿ.ಸಿ. ಫಾರಮ್ಮಿನಲ್ಲಿ ಮೊದಲು ಅವರು ನಮ್ಮ ನೆಲದ ರಾಗಿಗಳನ್ನೇ ಪರಸ್ಪರ ಕೂಡಿಸಿದರು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಶಕ್ತಿ, ಕಾವೇರಿ ಹೀಗೆ ಬಂದವು. ಹೆಸರುಗಳನ್ನು ಓದಿದರೆ ಒಂದು ಮನೆಯ ಹೆಣ್ಣುಮಕ್ಕಳನ್ನು ಕರೆದಂತಿದೆ. ಇಳುವರಿ ಏರಿತು, ಆದರೆ ಒಂದು ಹಂತಕ್ಕೆ ಬಂದು ನಿಂತಿತು.

ಹೊಸ ರಕ್ತ ಬರಬೇಕಿದ್ದದ್ದು ಎಲ್ಲಿಂದ? ರಾಗಿಯ ತವರಿನಿಂದ. ನಾವು ರಾಗಿಯನ್ನು ನಮ್ಮದೇ ಎಂದುಕೊಂಡಿದ್ದೇವೆ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಕಾಳು ನೋಡಿದರೆ ಅದು ಇಲ್ಲಿಗೆ ಬಂದದ್ದು ಬಹಳ ಹಿಂದೆ ಎನ್ನುವುದೂ ನಿಜ. ಆದರೆ ಮೊದಲು ಅದನ್ನು ಹುಲ್ಲಿನಿಂದ ಬೆಳೆಯಾಗಿ ಪಳಗಿಸಿದವರು ಇಥಿಯೋಪಿಯ, ಉಗಾಂಡದ ಎತ್ತರದ ನೆಲದ ರೈತರು. ಅದರ ಕಾಡು ಬಂಧುಗಳು ಇಂದಿಗೂ ಅಲ್ಲಿ ಕಳೆಯಾಗಿ ಬೆಳೆಯುತ್ತವೆ. ಪಯಣಿಸಿ ಬಂದ ಬೀಜ ತನ್ನ ಊರಿನ ಗುಣಗಳನ್ನೆಲ್ಲ ಹೊತ್ತು ತರುವುದಿಲ್ಲ. ಮೂಟೆಯಲ್ಲಿ ಇದ್ದಷ್ಟೇ ಬರುತ್ತದೆ. ಮೂಟೆಗೆ ಬಾರದೆ ಉಳಿದದ್ದು ಅಲ್ಲೇ ಇರುತ್ತದೆ.

ಆಫ್ರಿಕಾದ ರಾಗಿಯನ್ನು ಇಲ್ಲಿ ಬಿತ್ತಿದರೆ ದಪ್ಪ ದಂಟು, ಅಗಲ ಎಲೆ, ಕಾಳು ತುಂಬಿದ ಗಟ್ಟಿ ತೆನೆ. ಬೆಂಕಿ ರೋಗಕ್ಕೆ ಅವುಗಳಲ್ಲಿ ಹಲವು ಜಗ್ಗವು. ಈ ರೋಗ ಕತ್ತಿಗೆ ಬಿತ್ತೆಂದರೆ ತೆನೆಗೆ ಹೋಗುವ ಸಾರ ಕಟ್ಟಾಗಿ ಕಾಳೆಲ್ಲ ಜೊಳ್ಳು. ಆದರೆ ಆ ಗಿಡಗಳಿಗೆ ಅವಸರವೇ ಇಲ್ಲ. ನಮ್ಮ ಮುಂಗಾರು ಮುಗಿದು ಮಂಜು ಬೀಳುವಾಗಲೂ ಅವು ತೆನೆ ಕಟ್ಟುತ್ತಲೇ ಇರುತ್ತವೆ. ನಮ್ಮವು ಅದಕ್ಕೆ ತದ್ವಿರುದ್ಧ: ಬೇಗ ಬರುತ್ತವೆ, ಹೆಚ್ಚು ಕವಲೊಡೆಯುತ್ತವೆ, ಮಳೆ ಕೈಕೊಟ್ಟರೆ ಹಲ್ಲುಕಚ್ಚಿ ನಿಲ್ಲುತ್ತವೆ. 1960ರ ದಶಕದ ಮಧ್ಯದಲ್ಲಿ ಲಕ್ಷ್ಮಣಯ್ಯ ಇವೆರಡನ್ನೂ ಕೂಡಿಸಲು ಹೊರಟರು. ಕಾವೇರಿಗೆ ಐಇ 929 ಎಂಬ ಆಫ್ರಿಕಾ ಮೂಲದ್ದನ್ನು ಕೂಡಿಸಿದಾಗ ಬಂದದ್ದು ಇಂಡಾಫ್-5. ಅದೇ ಐಇ 929ಕ್ಕೆ ನಮ್ಮ ಹುಲ್ಲುಬೆಳೆ ರಾಗಿ ಸೇರಿದಾಗ ಇಂಡಾಫ್-8. ಇಂಡಿಯಾ, ಆಫ್ರಿಕಾ ಎರಡೂ ಕೂಡಿ ಇಂಡಾಫ್. ಅದು ಅಮೆರಿಕದ ಗೋಧಿ ಹಡಗಿಗಾಗಿ ದೇಶ ಕಾಯುತ್ತಿದ್ದ ಕಾಲ. ಗೋಧಿ, ಭತ್ತದ ಹಸಿರು ಕ್ರಾಂತಿಯ ಕಥೆ ಎಲ್ಲ ಪಠ್ಯದಲ್ಲಿದೆ. ಮಳೆಯಾಶ್ರಿತ ನೆಲದಲ್ಲಿ ನಡೆದ ಈ ಕಥೆಗೆ ಅಲ್ಲಿ ಒಂದು ಸಾಲೂ ಸಿಕ್ಕುವುದು ಕಷ್ಟ.

ಲಕ್ಷ್ಮಣಯ್ಯನವರ ಕೆಲಸದಲ್ಲಿ ನನಗೆ ದೊಡ್ಡದೆನಿಸುವುದು ಇಳುವರಿಯಲ್ಲ. ಒಂದೇ ಒಂದು ಗೆಲ್ಲುವ ಕುದುರೆಯನ್ನು ಕೊಟ್ಟು ಅವರು ಕೈತೊಳೆದುಕೊಳ್ಳಲಿಲ್ಲ. ಇಂಡಾಫ್-8 ನಾಲ್ಕು ತಿಂಗಳ ರಾಗಿ, ಮೊದಲ ಮಳೆಗೆ ಬಿತ್ತಿದವನಿಗೆ. ಇಂಡಾಫ್-5 ಮೂರೂವರೆ ತಿಂಗಳಿನದು. ಮಳೆ ಇನ್ನೂ ತಡವಾಯಿತೇ, ಇಂಡಾಫ್-9 ಇದೆ, ಮೂರು ತಿಂಗಳು ಚಿಲ್ಲರೆಗೆ ಕೊಯ್ಲು. ಹಿಂಗಾರಿಗೆ ಇಂಡಾಫ್-7. ಮೋಡ ನೋಡಿ ಬೀಜ ಆರಿಸಿಕೊಳ್ಳುವ ಅನುಕೂಲ ಅದು. ಕಾರು ರಾಗಿ, ಹೈನು ರಾಗಿ ಎಂದು ಮಳೆಗೆ ತಕ್ಕಂತೆ ಬೇರೆ ಬೇರೆ ಬೀಜ ಇಟ್ಟುಕೊಳ್ಳುತ್ತಿದ್ದ ನಮ್ಮ ಅಜ್ಜಿಯರ ಲೆಕ್ಕಾಚಾರವೇ ಇಲ್ಲಿ ಹೊಸ ಬೀಜದೊಳಗೆ ಮುಂದುವರಿಯಿತು. ಇಂದು ದೇಶದಲ್ಲಿ ರಾಗಿಯ ವಿಸ್ತೀರ್ಣ 1950ರ ದಶಕಕ್ಕೆ ಹೋಲಿಸಿದರೆ ಅರ್ಧದಷ್ಟಕ್ಕೆ ಇಳಿದಿದೆ. ಆದರೂ ಉತ್ಪಾದನೆ ಅಷ್ಟೇ ಪ್ರಮಾಣದಲ್ಲಿ ಕುಸಿಯಲಿಲ್ಲ, ಎಕರೆವಾರು ಇಳುವರಿ ಏರಿದ್ದರಿಂದ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕವೇ.

ಇಂಡಾಫ್‌ನ ಸಂತತಿ ಮುಂದೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬೆಳೆಯಿತು. ಇಂಡಾಫ್ ತಳಿಗಳು ಕ್ರಮೇಣ ಬೆಂಕಿ ರೋಗಕ್ಕೆ ಸೋಲತೊಡಗಿದಾಗ ಮತ್ತೆ ಆಫ್ರಿಕಾ ಮೂಲದ ಕಡೆಗೇ ಹೋಗಬೇಕಾಯಿತು. ಇಂಡಾಫ್-5, ಇಂಡಾಫ್-9 ಜೊತೆಗೆ ಐಇ 1012 ಸೇರಿ ಬಂದದ್ದು ಜಿಪಿಯು-28. ದಕ್ಷಿಣ ಕರ್ನಾಟಕದ ಯಾವ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೂ ಈ ಹೆಸರು ಗೊತ್ತು. 2017ರಲ್ಲಿ ರಾಗಿಯ ವಂಶವಾಹಿ ಸಮಗ್ರವನ್ನು ಓದಿದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ಅದಕ್ಕೆ ಆರಿಸಿಕೊಂಡದ್ದು ಎಂಎಲ್-365. ಅದರ ತಂದೆ ತಾಯಿಯೂ ಐಇ 1012 ಮತ್ತು ಇಂಡಾಫ್-5. ವಿ.ಸಿ. ಫಾರಂ ಕೂಡ ಸುಮ್ಮನೆ ಕೂತಿಲ್ಲ. ಇಲ್ಲಿಂದ ಈಚೆಗೆ ಬಂದ ಕೆಎಂಆರ್ ಸಾಲಿನಲ್ಲಿ ಕೆಎಂಆರ್-340 ಬಿಳಿ ರಾಗಿ. ಮುದ್ದೆಗಿಂತ ಬಿಸ್ಕತ್ತು, ಬೇಕರಿ ತಿಂಡಿಯ ಕಡೆ ಕಣ್ಣಿಟ್ಟದ್ದು.

ಈಗ ಮರೆತುಬಿಡುವ ಮಾತಿಗೆ ಬರೋಣ. ಇಂಡಾಫ್ ಗೆದ್ದ ಹೊಲದಲ್ಲಿ ಯಾರೋ ಸೋತರು. ಗಿಡ್ಡ ರಾಗಿ, ಕರಿಗಿಡ್ಡ, ಹಸಿರುಕಂಬಿ, ಮಜ್ಜಿಗೆ ರಾಗಿ, ಉಂಡೆ ರಾಗಿ, ಇಂಡಾಫ್-8ರ ತಾಯಿಯಾದ ಹುಲ್ಲುಬೆಳೆ ಎಲ್ಲವೂ ಬಿತ್ತನೆಯಿಂದ ಹಿಂದೆ ಸರಿದವು. ಹೊಸ ತಳಿಗೆ ಕಚ್ಚಾವಸ್ತು ಹಳೆ ತಳಿ. ಹೊಸದು ಚೆನ್ನಾಗಿದ್ದಷ್ಟೂ ಹಳೆಯದಕ್ಕೆ ಜಾಗ ಇಲ್ಲ. ಇದರಲ್ಲಿ ರೈತನ ತಪ್ಪು ಹುಡುಕುವುದು ಸುಲಭ, ನ್ಯಾಯವಲ್ಲ. ಎಕರೆಗೆ ಎರಡು ಮೂಟೆ ಹೆಚ್ಚು ಬರುವಾಗ ಜಗತ್ತಿನ ಒಳಿತಿಗೆಂದು ಅವನೊಬ್ಬನೇ ಯಾಕೆ ನಷ್ಟ ಹೊರಬೇಕು?

ಹಾಗಾಗಿ ಹಳೆಯವು ಶೀತಲ ಕೋಣೆ ಸೇರಿದವು. ಜಿಕೆವಿಕೆಯಲ್ಲಿರುವ ಕಿರುಧಾನ್ಯಗಳ ಸಂಗ್ರಹದಲ್ಲಿ ಏಳು ಸಾವಿರಕ್ಕೂ ಹೆಚ್ಚು ರಾಗಿ ಮಾದರಿಗಳಿವೆ. ದೆಹಲಿಯ ರಾಷ್ಟ್ರೀಯ ಬೀಜ ಭಂಡಾರದಲ್ಲಿ ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಇನ್ನಷ್ಟು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ತನ್ನ ಸುಮಾರು ಆರು ಸಾವಿರ ರಾಗಿಗಳ ಗುಣಾವಗುಣ ಅಳೆದು, ಮೊದಲು 622ಕ್ಕೆ, ಕೊನೆಗೆ 80ಕ್ಕೆ ಸೋಸಿತು. ಕಾರಣ ಸರಳ. ಆರು ಸಾವಿರ ಸಾಲು ಬಿತ್ತಿ ಪರೀಕ್ಷಿಸುವ ತಾಕತ್ತು ಯಾವ ಸಂಶೋಧಕನಿಗೂ ಇಲ್ಲ, ಎಂಬತ್ತು ಸಾಲು ಬಿತ್ತಬಹುದು. ಬಳಸಲಾಗದ ಸಂಗ್ರಹ ಬರೀ ದಾಸ್ತಾನು. ಇನ್ನೊಂದು ಸಂಗತಿ: ತಣ್ಣಗಿಟ್ಟ ಬೀಜವೂ ಅಮರವಲ್ಲ. ಮೊಳಕೆಯ ಶಕ್ತಿ ಇಳಿದಾಗ ತೆಗೆದು ಬಿತ್ತಿ, ಹೊಸ ಕಾಳು ಮಾಡಿ ಮತ್ತೆ ಇಡಬೇಕು. ರಾಗಿಯ ಪುಣ್ಯ, ಅದು ಕೆಡುವುದು ನಿಧಾನ. ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಇಟ್ಟು ಬರಗಾಲ ದಾಟಿದ ಸೀಮೆ ಇದು.

ಕೋಣೆಯೊಳಗಿನ ಬೀಜಕ್ಕೆ ಒಂದು ಕೊರತೆ ಇದ್ದೇ ಇದೆ. ಅದು ಒಳಗೆ ಹೋದ ದಿನದ ಹವಾಮಾನದಲ್ಲೇ ನಿಂತಿರುತ್ತದೆ. ಹೊರಗೆ ರೋಗ ಬದಲಾಗುತ್ತದೆ, ಮಳೆಯ ತಿಂಗಳು ಬದಲಾಗುತ್ತದೆ; ಹೊಲದಲ್ಲಿದ್ದ ಬೀಜ ಅವುಗಳ ಜೊತೆ ಗುದ್ದಾಡುತ್ತ ತಾನೂ ಬದಲಾಗುತ್ತದೆ. ಈ ಇನ್ನೊಂದು ಬಗೆಯ ಉಳಿವನ್ನು ನೋಡಬೇಕಾದರೆ ಮಂಡ್ಯ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ತಮ್ಮ ಗದ್ದೆಯಲ್ಲೇ ನೂರಾರು ಬಗೆಯ ಭತ್ತ ಬೆಳೆಯುತ್ತಾರೆ. ರಾಜಮುಡಿ, ರತ್ನಚೂಡಿ, ಗಂಧಸಾಲೆ, ಹೀಗೆ. ಅವರ ಮನೆತನದ ‘ಬಡಾಬಾಗ್’ ತೋಪಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು. ವಸ್ತುಸಂಗ್ರಹಾಲಯ ನಡೆಸುವ ವಿದ್ಯೆ ಓದಿದವರು ಅವರು. ಗದ್ದೆಗೆ ಬಂದು ಅದನ್ನೇ ಸಂಗ್ರಹಾಲಯ ಮಾಡಿಕೊಂಡರು. ಚಿಕ್ಕ ಚಿಕ್ಕ ಮಡಿಗಳಲ್ಲಿ ಒಂದೊಂದು ತಳಿ, ಪಕ್ಕದಲ್ಲಿ ಹೆಸರಿನ ಫಲಕ. ಬಂದ ರೈತ ತನಗೆ ಹಿಡಿಸಿದ್ದನ್ನು ಕಣ್ಣಾರೆ ನೋಡಿ ಬೀಜ ಕೇಳುತ್ತಾನೆ. ವಿ.ಸಿ. ಫಾರಂ ಹೆಚ್ಚೋ ಕಿರುಗಾವಲು ಹೆಚ್ಚೋ ಎಂದು ವಾದ ಹೂಡುವವರಿದ್ದಾರೆ. ಕೂಡಿಸುವವನಿಗೆ ಉಳಿಸಿದವನು ಬೇಕು, ಉಳಿಸಿದ್ದು ರೈತನ ಊಟಕ್ಕೆ ಬರಲು ಕೂಡಿಸುವವನು ಬೇಕು. ಒಂದೇ ಜಿಲ್ಲೆಯಲ್ಲಿ ಎರಡೂ ಇರುವುದು ಮಂಡ್ಯದ ಅದೃಷ್ಟ ಅಷ್ಟೇ.

ಕೊಟ್ಟವರ ಲೆಕ್ಕವೊಂದು ಮಾತ್ರ ಬಾಕಿ ಉಳಿದಿದೆ. ನಮ್ಮ ಬೀಜ ಕಾಯ್ದೆಗಳಲ್ಲಿ ಈಗ ರೈತನಿಗೂ ಹಕ್ಕಿದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ಊರಿನ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಬಹುದು. ಅದೇ ವರ್ಷ ಒಪ್ಪಿಗೆಯಾಗಿ 2004ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಸಸ್ಯತಳಿ ಒಪ್ಪಂದದಲ್ಲಿ ದೇಶದೇಶಗಳು ಹಂಚಿಕೊಳ್ಳಬೇಕಾದ ಬೆಳೆಗಳ ಪಟ್ಟಿಯೊಂದಿದೆ. ಅದರಲ್ಲಿ ರಾಗಿಯೂ ಇದೆ. ಆದರೆ ಇವೆಲ್ಲ ಬರುವ ಮೊದಲೇ ಐಇ 929 ಇಲ್ಲಿಗೆ ಬಂದು ಬೆರೆತುಹೋಗಿತ್ತು. ನಮ್ಮ ಕಡೆಯ ತಾಯಿಗೆ ಹುಲ್ಲುಬೆಳೆ, ಕಾವೇರಿ ಎಂಬ ಹೆಸರಾದರೂ ಉಳಿಯಿತು. ಆ ಕಡೆಯಿಂದ ಬಂದ ರಾಗಿಯನ್ನು ಬೆಳೆದವರು ಅದನ್ನು ಏನೆಂದು ಕರೆಯುತ್ತಿದ್ದರೋ, ನಮ್ಮ ತಳಿಪಟ್ಟಿಯಲ್ಲಿ ಅದು ಬರೀ ಅಂಕಿ.

ಕೆನ್ಯಾ, ತಾಂಜಾನಿಯದಲ್ಲಿ ರಾಗಿಗೆ ವಿಂಬಿ ಎನ್ನುತ್ತಾರೆ, ಅದರ ಗಂಜಿಗೆ ಉಜಿ. ಬೆಂಕಿ ರೋಗದ ಕಾಟ ಅಲ್ಲಿಯೂ ಇದೆ, ಅದರ ಮೇಲೆ ಬೇರಿಗೆ ಅಂಟಿ ಸಾರ ಹೀರುವ ಸ್ಟ್ರೈಗಾ ಕಳೆ ಬೇರೆ. ಅಲ್ಲಿಯ ಮಳೆಯೂ ಈಚೆಗೆ ಹೇಳಿದ ಮಾತು ಕೇಳುತ್ತಿಲ್ಲ. ಬೇಗ ಬರುವ ರಾಗಿ ಅವರಿಗೂ ಬೇಕಾಗಿದೆ. ಬೇಗ ಬರುವುದು ನಮ್ಮ ರಾಗಿಗಳ ಗುಣ. ನೈರೋಬಿಯ ತಳಿ ಸಂಶೋಧಕಿಯೊಬ್ಬರು ಇಕ್ರಿಸ್ಯಾಟ್‌ಗೆ ಬರೆದು, ಒಪ್ಪಂದದ ಪತ್ರಕ್ಕೆ ಸಹಿ ಹಾಕಿದರೆ ಭಾರತದ ರಾಗಿಗಳ ಬೀಜ ಸಣ್ಣ ಪೊಟ್ಟಣದಲ್ಲಿ ಅವರ ಕೈಸೇರುತ್ತದೆ.