ಒಂದು ಪೆಟ್ಟು, ಎರಡು ನೋವು

ಕತ್ತಲಲ್ಲಿ ನಡೆಯುವಾಗ ಹೊಸ್ತಿಲನ್ನು ಎಡವಿ ಹೆಬ್ಬೆರಳಿಗೆ ಪೆಟ್ಟು ಮಾಡಿಕೊಳ್ಳದವರು ಯಾರು? ಆ ಗಳಿಗೆಯನ್ನು ತುಸು ಗಮನವಿಟ್ಟು ಪರೀಕ್ಷಿಸಿದರೆ ಒಂದು ವಿಚಿತ್ರ ಕಂಡುಬರುವುದು. ಚುರುಕ್ಕೆನ್ನುವ ಹರಿತವಾದ ನೋವು ಮೊದಲು ಬರುತ್ತದೆ. ಇನ್ನೇನು ಉರಿಯುವುದೆಂದು ಹಲ್ಲು ಕಚ್ಚಿಕೊಳ್ಳುವಷ್ಟು ವ್ಯವಧಾನ ನಮಗೆ ದೊರೆಯುತ್ತದೆ. ಅನಂತರವೇ ಆ ಮಂದವಾದ, ಬಿಡದೆ ಕಾಡುವ ಉರಿನೋವು. ಪೆಟ್ಟು ಒಂದೇ, ನೋವು ಎರಡು. ಏಕೆಂದು ತಿಳಿಯಬೇಕಾದರೆ ನರಕೋಶದ ರಚನೆಯನ್ನು ನೋಡಬೇಕು.

ನರಕೋಶಕ್ಕೂ ಇತರ ಜೀವಕೋಶಗಳಂತೆ ಕೋಶಕೇಂದ್ರವುಳ್ಳ ಒಂದು ಒಡಲುಂಟು. ಅದರ ವೈಶಿಷ್ಟ್ಯವೆಲ್ಲ ಅದರಿಂದ ಹೊರಡುವ ತಂತುವಿನಲ್ಲಿದೆ. ಹೆಬ್ಬೆರಳಿನ ಸುದ್ದಿಯನ್ನು ತರುವ ನರಕೋಶದ ಒಡಲು ಬೆನ್ನುಹುರಿಯ ಪಕ್ಕದಲ್ಲಿರುವುದು; ಅದರ ತಂತು ಸುಮಾರು ಒಂದು ಮೀಟರು ದೂರ ಕಾಲಿನಲ್ಲಿ ಇಳಿದು ಬೆರಳನ್ನು ಮುಟ್ಟುವುದು. ಆ ಒಡಲನ್ನು ಸುಲಿದ ತೆಂಗಿನಕಾಯಿಯಷ್ಟು ಹಿಗ್ಗಿಸಿದೆವೆಂದು ಭಾವಿಸಿದರೆ, ತಂತುವು ಬೆರಳು ಗಾತ್ರದ ಹಗ್ಗವಾಗಿ ಎರಡು ಕಿಲೋಮೀಟರು ಉದ್ದಕ್ಕೆ ಹೋಗುವುದು.

ಈ ತಂತುವಿನಲ್ಲಿ ಸುದ್ದಿ ಎಷ್ಟು ವೇಗವಾಗಿ ಸಾಗುತ್ತದೆ? ಅದನ್ನು ಅಳೆಯುವ ಸಾಧನವು ಬಹುಶಃ ಎಂದೂ ನಮಗೆ ದೊರೆಯದೆಂದು ಜರ್ಮನಿಯ ಪ್ರಖ್ಯಾತ ಶರೀರಶಾಸ್ತ್ರಜ್ಞ ಯೊಹಾನೆಸ್ ಮ್ಯುಲ್ಲರ್ ಬರೆದಿದ್ದರು. ಅವರ ಶಿಷ್ಯರಾದ ಹೆರ್ಮನ್ ಹೆಲ್ಮ್‌ಹೋಲ್ಟ್ಸ್ ೧೮೫೦ರಲ್ಲಿ ಅಳೆದೇ ತೋರಿಸಿದರು. ಕಪ್ಪೆಯ ಕಾಲಿನ ಸ್ನಾಯುವನ್ನು ನರದ ಸಮೇತ ಬಿಡಿಸಿ, ನರವನ್ನು ಒಮ್ಮೆ ಸ್ನಾಯುವಿನ ಸಮೀಪದಲ್ಲಿಯೂ ಇನ್ನೊಮ್ಮೆ ದೂರದಲ್ಲಿಯೂ ವಿದ್ಯುತ್ತಿನಿಂದ ಕೆರಳಿಸಿ, ಎರಡು ಸಲವೂ ಸ್ನಾಯು ಸೆಡೆಯಲು ಹಿಡಿದ ಕಾಲವನ್ನು ಗೊತ್ತುಮಾಡಿದರು. ವ್ಯತ್ಯಾಸವು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. ದೊರೆತ ವೇಗ ಸೆಕೆಂಡಿಗೆ ಸುಮಾರು ೨೭ ಮೀಟರು. ವೇಗದ ರೈಲುಗಾಡಿಯ ಓಟದಷ್ಟೆ! ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇಲ್ಲಿ ಬಹಳ ಮೆಚ್ಚುಗೆಯಾಗುವುದು ಆ ಸರಳವಾದ ಕಳೆಯುವ ಲೆಕ್ಕ. ಸ್ನಾಯುವಿನ ಸೋಮಾರಿತನವೂ ಉಪಕರಣದ ವಿಳಂಬವೂ ಎರಡು ಸಲವೂ ಒಂದೇ ಆಗಿರುವುದರಿಂದ, ಕಳೆದಾಗ ತಾವಾಗಿಯೇ ಬಿಟ್ಟುಹೋಗುತ್ತವೆ. ಹೆಲ್ಮ್‌ಹೋಲ್ಟ್ಸರ ತಂದೆಯವರಿಗೇ ಈ ಫಲಿತಾಂಶ ಹಿಡಿಸಲಿಲ್ಲ. ಆಲೋಚನೆಯೂ ಅಂಗದ ಚಲನೆಯೂ ಏಕಕಾಲದಲ್ಲಿ ಆಗುವುವೆಂದೇ ಅವರ ಮತ.

ತಾಮ್ರದ ತಂತಿಯಲ್ಲಿ ವಿದ್ಯುತ್ ಸಂಕೇತವು ಬೆಳಕಿನ ವೇಗಕ್ಕೆ ಸಮೀಪವಾದ ವೇಗದಿಂದ ಹೋಗುವುದು. ನರದಲ್ಲೇಕೆ ಈ ಕುಂಟು ನಡೆ? ನರತಂತುವು ತಂತಿಯಲ್ಲ, ಉಪ್ಪುನೀರು ತುಂಬಿದ, ಸೋರುವ ಕೊಳವೆ. ಅದರೊಳಗೆ ಪೊಟ್ಯಾಸಿಯಂ ಅಯಾನುಗಳು ಹೆಚ್ಚು, ಹೊರಗೆ ಸೋಡಿಯಂ ಅಯಾನುಗಳು ಹೆಚ್ಚು; ವಿಶ್ರಾಂತಿಯಲ್ಲಿ ಒಳಭಾಗವು ಹೊರಭಾಗಕ್ಕಿಂತ ಸುಮಾರು ೭೦ ಮಿಲಿವೋಲ್ಟು ಋಣವಾಗಿರುವುದು. ಕೆರಳಿದೆಡೆಯಲ್ಲಿ ಪೊರೆಯ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ, ಒಳಭಾಗ ಕ್ಷಣಕಾಲ ಧನವಾಗುತ್ತದೆ; ಒಡನೆಯೇ ಆ ಬಾಗಿಲು ಮುಚ್ಚಿ, ಪೊಟ್ಯಾಸಿಯಂ ಹೊರಬಿದ್ದು, ಮೊದಲಿನ ಸ್ಥಿತಿ ಮರಳುತ್ತದೆ. ಅಷ್ಟರಲ್ಲಿ ನೆರೆಯ ಪೊರೆ ಕೆರಳಿರುತ್ತದೆ. ಸರಪಟಾಕಿಯಲ್ಲಿ ಪ್ರತಿಯೊಂದು ಪಟಾಕಿಯೂ ತನ್ನ ಮದ್ದನ್ನೇ ಸುಡುವುದರಿಂದ ಕೊನೆಯದರ ಸದ್ದು ಮೊದಲನೆಯದಕ್ಕೆ ಕಡಮೆಯಾಗದಷ್ಟೆ? ಇಲ್ಲಿಯೂ ಹಾಗೆಯೇ. ಆದರೆ ಈ ಪಟಾಕಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಮತ್ತೆ ಸಿಡಿಯಲು ಸಿದ್ಧ! ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಇದನ್ನು ೧೯೫೨ರಲ್ಲಿ ಗಣಿತರೂಪದಲ್ಲಿ ನಿರೂಪಿಸಿ, ೧೯೬೩ರಲ್ಲಿ ಎಕ್ಲ್ಸ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಅವರ ಪ್ರಯೋಗಕ್ಕೊದಗಿದ್ದು ನಮ್ಮ ಕರಾವಳಿಯವರು ಬೊಂಡಾಸವೆನ್ನುವ ಸ್ಕ್ವಿಡ್ ಪ್ರಾಣಿಯ, ಅರ್ಧ ಮಿಲಿಮೀಟರಿನಷ್ಟು ದಪ್ಪನೆಯ ತಂತು.

ತಂತು ದಪ್ಪವಾದಷ್ಟೂ ಸುದ್ದಿ ಬೇಗ ಸಾಗುವುದು. ಆದರೆ ನಮ್ಮ ಲಕ್ಷಾಂತರ ತಂತುಗಳೆಲ್ಲ ಅಷ್ಟು ದಪ್ಪವಾಗಿದ್ದರೆ ಬೆನ್ನುಹುರಿಯು ಮರದ ದಿಮ್ಮಿಯಾಗುತ್ತಿತ್ತು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಬೇರೊಂದು ಏರ್ಪಾಡುಂಟು. ಶ್ವಾನ್ ಕೋಶಗಳೆಂಬ ಸಹಾಯಕ ಕೋಶಗಳು ನರತಂತುವಿನ ಸುತ್ತ ಮಯಲಿನ್ ಎಂಬ ಕೊಬ್ಬಿನ ಪದರಗಳನ್ನು ಸುರುಳಿ ಸುತ್ತುತ್ತವೆ. ಮಿಲಿಮೀಟರಿಗೊಂದರಂತೆ ಇರುವ ಸಣ್ಣ ಬಿಡುವುಗಳಲ್ಲಿ ಮಾತ್ರ ಪೊರೆ ಸಿಡಿಯಬೇಕಾದ್ದರಿಂದ ಸುದ್ದಿ ನೆಗೆದುಕೊಂಡು ಹೋಗುವುದು. ಹೀಗೆ ಸುತ್ತಿದ ದಪ್ಪ ತಂತುಗಳಲ್ಲಿ ವೇಗವು ಸೆಕೆಂಡಿಗೆ ೧೦೦ ಮೀಟರನ್ನೂ ಮುಟ್ಟಬಹುದು. ಹರಿತವಾದ ನೋವಿನ ತಂತುಗಳಿಗೆ ತೆಳುವಾದ ಸುತ್ತುಂಟು; ವೇಗ ೫ರಿಂದ ೩೦ ಮೀಟರು. ಉರಿನೋವಿನ ತಂತುಗಳಿಗೆ ಮಯಲಿನ್ನೇ ಇಲ್ಲ; ವೇಗ ಒಂದು ಮೀಟರಿನ ಆಸುಪಾಸು. ಬೆರಳಿನಿಂದ ಬೆನ್ನುಹುರಿಗೆ ಒಂದು ಮೀಟರೆಂದರೆ, ನಾವು ಹಲ್ಲು ಕಚ್ಚುವ ಬಿಡುವು ಎಷ್ಟೆಂಬುದನ್ನು ವಾಚಕರೇ ಲೆಕ್ಕಹಾಕಬಹುದು.

ಈ ಎರಡು ನೋವುಗಳೂ ಬಾರದವರುಂಟು. ಕುಷ್ಠರೋಗದ ಸೂಕ್ಷ್ಮಾಣುಗಳು ಸೇರಿಕೊಳ್ಳುವುದು ಮುಖ್ಯವಾಗಿ ಆ ಶ್ವಾನ್ ಕೋಶಗಳಲ್ಲಿಯೇ. ನರವು ಕೆಟ್ಟಾಗ ಬಿಸಿಪಾತ್ರೆಯನ್ನು ಬರಿಗೈಯಲ್ಲಿ ಹಿಡಿದರೂ ರೋಗಿಗೆ ತಿಳಿಯದು. ಬೊಬ್ಬೆ ಹುಣ್ಣಾಗುವುದು, ಹುಣ್ಣು ಕೊಳೆಯುವುದು. ಬೆರಳುಗಳು ನಷ್ಟವಾಗಲು ಬಹುಮಟ್ಟಿಗೆ ಇಂಥ ಅರಿವಿಗೆ ಬಾರದ ಗಾಯಗಳೇ ಕಾರಣವೆಂಬುದನ್ನು, ೧೯೪೬ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟರು. ಲೋಕದಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಮಿಕ್ಕವರು ನಮ್ಮ ದೇಶದವರು. ಇಂದಿನ ಔಷಧಗಳು ಆರರಿಂದ ಹನ್ನೆರಡು ತಿಂಗಳಲ್ಲಿ ರೋಗವನ್ನು ಗುಣಪಡಿಸುತ್ತವೆ. ಆದರೆ ಪೂರ್ತಿ ಕೆಟ್ಟ ನರವು ಸಾಮಾನ್ಯವಾಗಿ ಸುಧಾರಿಸದು. ಆದಕಾರಣ ಸ್ಪರ್ಶ ತಿಳಿಯದ ತಿಳಿಬಣ್ಣದ ಮಚ್ಚೆಯೊಂದು ಮೈಮೇಲೆ ಕಂಡರೆ, ನೋವಿಲ್ಲವೆಂದು ಸುಮ್ಮನಿರದೆ ಅಂದೇ ವೈದ್ಯರಿಗೆ ತೋರಿಸತಕ್ಕದ್ದು.

ನರವು ಎಷ್ಟು ಕೆಟ್ಟಿದೆಯೆಂದು ತಿಳಿಯಲು ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಮಣಿಕಟ್ಟಿನಲ್ಲೊಮ್ಮೆ, ಮೊಣಕೈಯಲ್ಲೊಮ್ಮೆ ವಿದ್ಯುತ್ತಿನಿಂದ ಕೆರಳಿಸಿ, ಸ್ನಾಯು ಸೆಡೆಯುವ ಕಾಲಗಳನ್ನು ಒಂದರಿಂದೊಂದು ಕಳೆಯುತ್ತಾರೆ. ಆರೋಗ್ಯವಂತರಲ್ಲಿ ಸೆಕೆಂಡಿಗೆ ಸುಮಾರು ೫೦ ಮೀಟರು ಇಲ್ಲವೆ ಅದಕ್ಕಿಂತ ಹೆಚ್ಚು ಬರುವ ಉತ್ತರವು ಬಹಳ ಇಳಿದಿದ್ದರೆ, ಮಯಲಿನ್ ಕಳಚುತ್ತಿದೆಯೆಂದು ತಿಳಿಯುತ್ತದೆ.